ರೈಲಿನಲ್ಲಿ ಬಯಲಾದ ಗುಟ್ಟು, ಕಾನ್ರಾಡನ ಕಾದಂಬರಿ

1904ರ ಜುಲೈ 28ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರಷ್ಯಾದ ಗೃಹಮಂತ್ರಿ ಪ್ಲೆವೆಯ ಸಾರೋಟಿನ ಮೇಲೆ ಬಾಂಬು ಬಿತ್ತು. ಎಸೆದವನು ಯೆಗೋರ್ ಸಜೊನೊವ್. ಸಂಚು ಹೂಡಿದ್ದು ಸೋಷಲಿಸ್ಟ್ ರೆವಲ್ಯೂಷನರಿ ಪಕ್ಷದ ರಹಸ್ಯ ದಳ, ಅದರ ಮುಖ್ಯಸ್ಥ ಯೆವ್ನೊ ಅಜೆಫ್. ಈ ಅಜೆಫ್ 1893ರಿಂದಲೂ ಪೊಲೀಸರ ಸಂಬಳ ಪಡೆಯುತ್ತಿದ್ದ ಮಾಹಿತಿದಾರ! ಸಂಗಾತಿಗಳಿಗೆ ಅದು ಗೊತ್ತಿರಲಿಲ್ಲ. ತಮ್ಮ ಆಳೇ ತಮ್ಮ ಮಂತ್ರಿಯನ್ನು ಕೊಲ್ಲಿಸಿದನೆಂದು ಪೊಲೀಸರಿಗೂ ಆಗ ಹೊಳೆಯಲಿಲ್ಲ.

ಪೋಲೆಂಡ್ ಮೂಲದ ಇಂಗ್ಲಿಷ್ ಕಾದಂಬರಿಕಾರ ಜೋಸೆಫ್ ಕಾನ್ರಾಡನ 'ಅಂಡರ್ ವೆಸ್ಟರ್ನ್ ಐಸ್' (1911) ತೆರೆದುಕೊಳ್ಳುವುದು 'ಪಿ' ಎಂಬ ಅಕ್ಷರವಷ್ಟೇ ಹೆಸರಾಗಿರುವ ಮಂತ್ರಿಯ ಕೊಲೆಯಿಂದ. ಆದರೆ ಮೊದಲ ಬಾಂಬಿನಿಂದ ಬಚಾವಾಗಿ ಕೆಳಗಿಳಿದವನು ಎರಡನೆಯದಕ್ಕೆ ಬಲಿಯಾಗುವುದು 1881ರಲ್ಲಿ ತ್ಸಾರ್ ಎರಡನೇ ಅಲೆಕ್ಸಾಂಡರ್ ಸತ್ತ ರೀತಿ. ಎರಡು ಕೊಲೆಗಳನ್ನು ಬೆಸೆದು ಒಂದು ಮಾಡಿದ್ದಾನೆ ಕಾನ್ರಾಡ್.

ಕಾದಂಬರಿಯಲ್ಲಿ ಮಂತ್ರಿಯನ್ನು ಕೊಂದ ಹಾಲ್ಡಿನ್ ಅಡಗಲು ಬರುವುದು ರಜೂಮೊವ್‌ನ ಕೋಣೆಗೆ. ರಜೂಮೊವ್ ಕ್ರಾಂತಿಕಾರಿಯಲ್ಲ, ಹೆಸರು ಹೇಳಲು ಅಪ್ಪನಿಲ್ಲದ, ಪ್ರಬಂಧ ಬರೆದು ಬೆಳ್ಳಿ ಪದಕ ಗೆದ್ದು ನೆಲೆ ಕಂಡುಕೊಳ್ಳಬೇಕೆಂದಿರುವ ವಿದ್ಯಾರ್ಥಿ. ಮೊದಲು ನೆರವಾಗಲು ಹೊರಡುತ್ತಾನೆ. ಹಾಲ್ಡಿನ್‌ನನ್ನು ಊರು ದಾಟಿಸಬೇಕಾದ ಗಾಡಿಯವ ಕುಡಿದು ಬಿದ್ದಿರುತ್ತಾನೆ. ಅವನನ್ನು ಬಡಿದು ಹೊರಬಂದ ರಜೂಮೊವ್, ಅದೇ ರಾತ್ರಿ ಹಾಲ್ಡಿನ್‌ನನ್ನು ಹಿಡಿದುಕೊಡುತ್ತಾನೆ. ಪೊಲೀಸರು ಅಷ್ಟಕ್ಕೆ ಬಿಡುವುದಿಲ್ಲ. ಜಿನೀವಾದ ದೇಶಭ್ರಷ್ಟ ರಷ್ಯನ್ನರ ನಡುವೆ ಗೂಢಚಾರನಾಗಲು ಅವನನ್ನೇ ಕಳಿಸುತ್ತಾರೆ. ಅಲ್ಲಿ ಎಲ್ಲರ ಕಣ್ಣಿಗೂ ಅವನು ಹುತಾತ್ಮನ ಗೆಳೆಯ. ಹಾಲ್ಡಿನ್‌ನ ತಂಗಿ ನತಾಲಿಯಾಳಿಗೂ ಹಾಗೆಯೇ.

ಬರವಣಿಗೆ ಶುರುವಾದದ್ದು 1907ರ ಕೊನೆಗೆ, 'ರಜೂಮೊವ್' ಎಂಬ ಸಣ್ಣಕತೆಯಾಗಿ. 1908ರ ಜನವರಿಯಲ್ಲಿ ಗೆಳೆಯ ಗಾಲ್ಸ್‌ವರ್ದಿಗೆ ಬರೆದ ಕಾಗದದಲ್ಲಿದ್ದ ಯೋಜನೆಯೇ ಬೇರೆ: ರಜೂಮೊವ್ ಆ ತಂಗಿಯನ್ನು ಮದುವೆಯಾಗುತ್ತಾನೆ, ಹುಟ್ಟಿದ ಮಗು ಸತ್ತ ಸೋದರಮಾವನನ್ನೇ ಹೋಲುತ್ತದೆ! ಆ ನಾಟಕೀಯತೆಯನ್ನು ಕೈಬಿಟ್ಟದ್ದು ಒಳ್ಳೆಯದೇ ಆಯಿತು.

ಅದೇ 1908ರ ಸೆಪ್ಟೆಂಬರಿನಲ್ಲಿ, ಕಲೋನ್‌ನಿಂದ ಬರ್ಲಿನ್‌ಗೆ ಹೊರಟಿದ್ದ ರೈಲಿನಲ್ಲಿ ಪತ್ರಕರ್ತ ಬುರ್ತ್ಸೆವ್ ಪೊಲೀಸ್ ಇಲಾಖೆಯ ಮಾಜಿ ಮುಖ್ಯಸ್ಥ ಲೊಪುಖಿನ್‌ನ ಬಾಯಿ ಬಿಡಿಸಿದ. ಅಜೆಫ್‌ನ ಗುಟ್ಟು ರಟ್ಟಾಯಿತು. 1909ರ ಜನವರಿಯಲ್ಲಿ ಪಕ್ಷವೇ ಅದನ್ನು ಬಹಿರಂಗಪಡಿಸಿತು. ಕಾದಂಬರಿಯಲ್ಲೂ ಕೊಲೆಗಡುಕ ಕ್ರಾಂತಿಕಾರಿ ನಿಕಿತ ಪೊಲೀಸರ ಆಳೆಂಬ ಸುಳಿವು ಅಧಿಕಾರಿ ಮಿಕುಲಿನ್‌ನಿಂದ ಸಿಗುವುದು ರೈಲು ಡಬ್ಬಿಯಲ್ಲೇ. ಇದರಿಂದಾಗಿ ಇದನ್ನು ಅಜೆಫ್ ಪ್ರಕರಣದ ಕಾದಂಬರಿ ಎನ್ನುವವರಿದ್ದಾರೆ. ಒಪ್ಪುವುದು ಕಷ್ಟ. ಕತೆಯ ಮೂಲ ಎಳೆ ಆ ಸುದ್ದಿಗಿಂತ ಹಳೆಯದು. ಅಜೆಫ್‌ಗೆ ಕಾನ್ರಾಡ್ ಕೊಟ್ಟದ್ದು ಒಂದು ಮೂಲೆ ಮಾತ್ರ. ಹಣಕ್ಕೆ ಮಾರಿಕೊಂಡವನಿಗಿಂತ, ತನ್ನ ಪಾಡಿಗೆ ತನ್ನನ್ನು ಬಿಟ್ಟರೆ ಸಾಕೆಂದು ದ್ರೋಹಕ್ಕಿಳಿದವನೇ ಕಾನ್ರಾಡನನ್ನು ಕಾಡಿದ್ದು.

ಗಡೀಪಾರು ಕಾನ್ರಾಡನಿಗೆ ಓದಿ ತಿಳಿದ ವಿಷಯವಲ್ಲ. ತಂದೆ ಅಪೊಲೊ ಕೊಜೆನಿಯೊವ್ಸ್ಕಿ ಪೋಲಿಷ್ ಕವಿ, ದೇಶಭಕ್ತ. 1861ರಲ್ಲಿ, ಆಗ ರಷ್ಯಾದ ಆಳ್ವಿಕೆಯಲ್ಲಿದ್ದ ವಾರ್ಸಾದಲ್ಲಿ ಅವರ ಬಂಧನವಾಯಿತು. ಮರುವರ್ಷ ಹೆಂಡತಿ, ನಾಲ್ಕು ವರ್ಷದ ಮಗನ ಸಮೇತ ಉತ್ತರ ರಷ್ಯಾದ ವೊಲೊಗ್ದಾಕ್ಕೆ ಗಡೀಪಾರು. 1865ರಲ್ಲಿ ತಾಯಿ ಕ್ಷಯದಿಂದ ಸತ್ತಳು, 1869ರಲ್ಲಿ ತಂದೆಯೂ ಹೋದರು. ಆ ನೆಲಕ್ಕೆ ಬರಹದಲ್ಲಿ ಮರಳುವುದು ಸುಲಭವಾಗಲಿಲ್ಲ. 1910ರ ಜನವರಿಯಲ್ಲಿ ಹಸ್ತಪ್ರತಿ ಮುಗಿಸಿದವನೇ ಹಾಸಿಗೆ ಹಿಡಿದು, ಜ್ವರದ ಬಡಬಡಿಕೆಯಲ್ಲಿ ಪಾತ್ರಗಳೊಂದಿಗೆ ಮಾತಾಡುತ್ತಿದ್ದ.

ಪುಸ್ತಕ ಹೆಚ್ಚು ಮಾರಾಟವಾಗಲಿಲ್ಲ. ರಷ್ಯನ್ನರ ಮೇಲಿನ ದ್ವೇಷ ಇದರಲ್ಲಿದೆ ಎಂದು ಗೆಳೆಯ ಎಡ್ವರ್ಡ್ ಗಾರ್ನೆಟ್ ದೂರಿದಾಗ ಕಾನ್ರಾಡ್ ಸಿಡಿದ. ನಿಷ್ಪಕ್ಷಪಾತವಾಗಿ ಬರೆದೆನೆಂಬುದು ಅವನ ಹಟ. 1917ರ ಕ್ರಾಂತಿಯಾಗಿ ಮೂರು ವರ್ಷಕ್ಕೆ ಸೇರಿಸಿದ ಮುನ್ನುಡಿಯಲ್ಲಿ, ಕಾಲದ ಒತ್ತಡಕ್ಕೆ ಇದು ಆಗಲೇ ಗತಕಾಲದ ಐತಿಹಾಸಿಕ ಕಾದಂಬರಿಯಾಗಿಬಿಟ್ಟಿದೆ ಎಂದ. ಅದೇ ಮುನ್ನುಡಿಯಲ್ಲಿ, ದಬ್ಬಾಳಿಕೆ ನಡೆಸುವವರೂ ಅದಕ್ಕೆ ಸಿಕ್ಕವರೂ ಎಲ್ಲರೂ ರಷ್ಯನ್ನರೇ, ಹುಲಿ ತನ್ನ ಪಟ್ಟೆ ಬದಲಿಸದು ಎಂದೂ ಬರೆದ. ಈ ಮಾತು ಓದಿದರೆ ಗಾರ್ನೆಟ್‌ನ ದೂರು ಪೂರ್ತಿ ಸುಳ್ಳೆನಿಸುವುದಿಲ್ಲ.