ಷೇರು ವಿಭಜನೆಗೆ ಕಾಯುವ ಮೊದಲು ಮುಖಬೆಲೆ ನೋಡಿ

ಮಂಗಳೂರಿನ ಹಂಪನಕಟ್ಟೆಯಲ್ಲಿರುವ ನಮ್ಮ ಕಚೇರಿಗೆ ಬರುವ ಷೇರುದಾರರಲ್ಲಿ ನಿವೃತ್ತ ಬ್ಯಾಂಕ್ ನೌಕರರೇ ಹೆಚ್ಚು. ಕೆನರಾ, ಸಿಂಡಿಕೇಟ್, ಕಾರ್ಪೊರೇಶನ್, ವಿಜಯಾ ಬ್ಯಾಂಕುಗಳು ಹುಟ್ಟಿದ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಇದು ಸಹಜವೇ. ಈಚೆಗೆ ಉಡುಪಿಯಿಂದ ಬಂದ ಅಂಥ ಹಿರಿಯರೊಬ್ಬರು ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಡುವ ಡಿಮ್ಯಾಟ್ ಖಾತೆಯ ವಿವರಪಟ್ಟಿಯನ್ನು ಮೇಜಿನ ಮೇಲೆ ಹರಡಿ, "ಬೆಲೆ ನಾಲ್ಕು ಸಾವಿರ ದಾಟಿ ವರ್ಷವಾಯಿತು ಮಾರಾಯ್ರೇ, ಈ ಕಂಪನಿಯವರು ಷೇರನ್ನು ಸ್ಪ್ಲಿಟ್ (ವಿಭಜನೆ) ಯಾಕೆ ಮಾಡುವುದಿಲ್ಲ? ಒಳಗೆ ಎಂಥದೋ ಉಂಟು" ಎಂದರು.

ಕಂಪನಿ ಕಾರ್ಯದರ್ಶಿಯಾಗಿ ನಾನು ಕಂಡಂತೆ, ಹೆಚ್ಚಿನ ಸಲ ಒಳಗೆ ಏನೂ ಇರುವುದಿಲ್ಲ. ಮುಖಬೆಲೆ ಎಂದರೆ ಕಂಪನಿ ಷೇರಿಗೆ ನಮೂದಿಸುವ ಮೂಲಬೆಲೆ, ಮಾರುಕಟ್ಟೆಯ ಬೆಲೆಯಲ್ಲ. 10 ರೂಪಾಯಿ ಮುಖಬೆಲೆಯ ಒಂದು ಷೇರನ್ನು 2 ರೂಪಾಯಿಯ ಐದು ಷೇರುಗಳಾಗಿ ಒಡೆದರೆ ಷೇರುಗಳು ಐದು ಪಟ್ಟಾಗಿ ಮಾರುಕಟ್ಟೆ ಬೆಲೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಕಂಪನಿಯ ಬೊಕ್ಕಸಕ್ಕೆ ಒಂದು ಬಿಡಿಗಾಸೂ ಸೇರುವುದಿಲ್ಲ. ಹೀಗಾಗಿ ವಿಲೀನವೋ ಬಂಡವಾಳ ಸಂಗ್ರಹವೋ ಕೈಯಲ್ಲಿರುವಾಗ ನಿರ್ದೇಶಕ ಮಂಡಳಿ ವಿಭಜನೆಯ ವಿಷಯವನ್ನು ಮುಂದಿನ ಸಭೆಗೆ, ಅಲ್ಲಿಂದ ಅದರ ಮುಂದಿನ ಸಭೆಗೆ ತಳ್ಳುತ್ತದೆ. ಮಂಡಳಿ ಒಪ್ಪಿದರೂ ಕೆಲಸ ಮುಗಿಯಲಿಲ್ಲ. 2013ರ ಕಂಪನಿ ಕಾಯ್ದೆಯ 61ನೇ ಸೆಕ್ಷನ್ ಪ್ರಕಾರ ಷೇರುದಾರರ ನಿರ್ಣಯ ಬೇಕು. ಅದನ್ನು ಅಂಚೆ ಮತದಾನದ ಮೂಲಕ ಪಡೆಯುವುದಾದರೆ ಅದಕ್ಕೇ 30 ದಿನ ಬೇಕಾಗುತ್ತದೆ. ಬಂಡವಾಳದ ರಚನೆಯಲ್ಲಿನ ಬದಲಾವಣೆಯನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಬೆಲೆಸೂಕ್ಷ್ಮ ಮಾಹಿತಿ (ಷೇರಿನ ಬೆಲೆಯ ಮೇಲೆ ಪರಿಣಾಮ ಬೀರಬಲ್ಲ ಮಾಹಿತಿ) ಎಂದೇ ಪರಿಗಣಿಸುವುದರಿಂದ, ಮಂಡಳಿ ನಿರ್ಧರಿಸುವ ಮೊದಲು ಕಂಪನಿಯ ಯಾವ ಅಧಿಕಾರಿಯೂ ಬಾಯಿಬಿಡುವಂತಿಲ್ಲ. "ಈಗ ಏನೂ ಹೇಳಲಾಗದು" ಎಂಬ ಅವರ ಉತ್ತರದಲ್ಲಿ ಸುಳಿವು ಹುಡುಕುವವರು ಕಾನೂನು ಹೇರಿದ ಮೌನಕ್ಕೆ ಇಲ್ಲದ ಅರ್ಥ ಹಚ್ಚುತ್ತಿರುತ್ತಾರೆ.

ನಮ್ಮೂರಿನಲ್ಲೇ ಹುಟ್ಟಿದ ಕೆನರಾ ಬ್ಯಾಂಕನ್ನು ನೋಡಿ. 10 ರೂಪಾಯಿಯ ಷೇರನ್ನು 2 ರೂಪಾಯಿಗೆ ಒಡೆಯಲು ಅದರ ಮಂಡಳಿ ತಾತ್ತ್ವಿಕವಾಗಿ ಒಪ್ಪಿದ್ದು 2024ರ ಫೆಬ್ರವರಿ 26ರಂದು. ರಿಸರ್ವ್ ಬ್ಯಾಂಕಿನ ಅನುಮೋದನೆಯೂ ಸೇರಿ ಎಲ್ಲ ಮುಗಿದು ದಾಖಲೆ ದಿನಾಂಕ (ಹೊಸ ಷೇರುಗಳು ಯಾರಿಗೆ ಸೇರಬೇಕೆಂದು ನಿಗದಿಯಾಗುವ ದಿನ) ಬಂದದ್ದು ಮೇ 15ರಂದು, ಅಂದರೆ ಸುಮಾರು ಹನ್ನೊಂದು ವಾರಗಳ ಬಳಿಕ. ಆ ದಿನ ಬೆಳಿಗ್ಗೆ ನನಗೆ ಬಂದ ಕರೆಗಳು ಬೇರೆಯೇ ಬಗೆಯವು: ಐನೂರು ಚಿಲ್ಲರೆ ಇದ್ದ ಬೆಲೆ ನೂರು ಚಿಲ್ಲರೆಗೆ ಇಳಿದದ್ದನ್ನು ಮೊಬೈಲಿನಲ್ಲಿ ಕಂಡು ಗಾಬರಿಯಾದವರು, ಹೊಸ ಷೇರುಗಳು ಖಾತೆಗೆ ಜಮೆಯಾಗುವವರೆಗೆ ನನ್ನ ಮಾತನ್ನು ನಂಬಲಿಲ್ಲ. ವಿಭಜನೆಗಾಗಿ ಹಂಬಲಿಸಿದವರಲ್ಲೂ ಕೆಲವರು ಹೀಗೆ ಗಾಬರಿಯಾದವರಲ್ಲಿದ್ದರು ಎಂಬುದನ್ನು ಇಲ್ಲಿ ಹೇಳದೆ ಇರಲಾರೆ.

ಬೇಕೆಂದೇ ಒಡೆಯದವರೂ ಇದ್ದಾರೆ. ಎಂಆರ್‌ಎಫ್ ಷೇರು 2023ರ ಜೂನ್‌ನಲ್ಲಿ ಒಂದು ಲಕ್ಷ ರೂಪಾಯಿ ದಾಟಿದಾಗಲೂ ಅದರ ಮುಖಬೆಲೆ 10 ರೂಪಾಯಿಯಾಗಿಯೇ ಇತ್ತು. ದಿನಬೆಳಗಾದರೆ ಕೊಂಡು ಮಾರುವವರಿಗಿಂತ ಇಟ್ಟುಕೊಳ್ಳುವವರೇ ಷೇರುದಾರರಾಗಿರಲಿ ಎಂದು ಇಂಥ ಕಂಪನಿಗಳು ಬಯಸುತ್ತಿರಬಹುದು ಎಂಬುದು ನನ್ನ ಊಹೆ.

ಇವೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಮುಖಬೆಲೆಯನ್ನು. ನಮ್ಮಲ್ಲಿ ಅದು 1 ರೂಪಾಯಿಗಿಂತ ಕೆಳಗೆ ಇಳಿಯುವಂತಿಲ್ಲ. ಎಚ್‌ಡಿಎಫ್‌ಸಿ ಬ್ಯಾಂಕ್ 2011ರಲ್ಲಿ 10 ರೂಪಾಯಿಯ ಷೇರನ್ನು 2 ರೂಪಾಯಿಗೆ, 2019ರಲ್ಲಿ 2 ರೂಪಾಯಿಯದನ್ನು 1 ರೂಪಾಯಿಗೆ ಒಡೆಯಿತು. 2025ರಲ್ಲಿ ಒಂದಕ್ಕೊಂದು ಬೋನಸ್ ಷೇರು, ಅಂದರೆ ಇರುವ ಪ್ರತಿ ಷೇರಿಗೂ ಒಂದು ಉಚಿತ ಷೇರು, ಕೊಟ್ಟಿತು; ಆ ಹೊತ್ತಿಗೆ ಒಡೆಯಲು ಇನ್ನೇನೂ ಉಳಿದಿರಲಿಲ್ಲ.

ಉಡುಪಿಯ ಹಿರಿಯರ ವಿವರಪಟ್ಟಿಯನ್ನು ನನ್ನತ್ತ ಎಳೆದುಕೊಂಡು, ಅವರು ಪೆನ್ನಿನಿಂದ ಗುರುತು ಹಾಕಿದ್ದ ಸಾಲನ್ನು ಓದಿದೆ. ಕಂಪನಿಯ ಹೆಸರಿನ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ "ವಿಭಜನೆಯ ನಂತರದ 1 ರೂಪಾಯಿ ಮುಖಬೆಲೆಯ ಷೇರುಗಳು" ಎಂಬ ಅರ್ಥದ ಇಂಗ್ಲಿಷ್ ಒಕ್ಕಣೆಯಿತ್ತು. ಅವರು ಕನ್ನಡಕ ಸರಿಪಡಿಸಿಕೊಂಡು ಅದನ್ನು ಎರಡು ಸಲ ಓದಿದರು. ಅವರ ಮುಂದಿನ ಪ್ರಶ್ನೆ ಬೋನಸ್ ಯಾವಾಗ ಎಂಬುದಾಗಿತ್ತು.