ಲಾಡಾ: ನಡುವಯಸ್ಸಿನಲ್ಲಿ ಬರುವ ಆಟೊಇಮ್ಯೂನ್ ಮಧುಮೇಹ ಮತ್ತು ಅದರ ಕಾರಣಗಳು

ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಉತ್ಪಾದಿಸುವ ಬೀಟಾ ಕೋಶಗಳನ್ನು ನಾಶಮಾಡುವುದರಿಂದ ಬರುವ ಮಧುಮೇಹವನ್ನು ಆಟೊಇಮ್ಯೂನ್ ಮಧುಮೇಹ ಎನ್ನುತ್ತಾರೆ. ಮಕ್ಕಳಲ್ಲಿ ಇದು ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಉಲ್ಬಣಿಸಿ ಟೈಪ್ 1 ಎಂದು ಗುರುತಾಗುತ್ತದೆ. ಇದೇ ಪ್ರಕ್ರಿಯೆ ವಯಸ್ಕರಲ್ಲಿ ನಿಧಾನವಾಗಿ ಸಾಗಿದಾಗ ಅದಕ್ಕೆ ಲಾಡಾ (LADA, ಅಂದರೆ ವಯಸ್ಕರಲ್ಲಿ ಸುಪ್ತವಾಗಿರುವ ಆಟೊಇಮ್ಯೂನ್ ಮಧುಮೇಹ) ಎಂಬ ಹೆಸರಿದೆ. 1993ರಲ್ಲಿ ಟುವೋಮಿ, ಝಿಮ್ಮೆಟ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಅಧ್ಯಯನದಿಂದ ಈ ಹೆಸರು ಬಳಕೆಗೆ ಬಂತು. ಮೂವತ್ತು ದಾಟಿದ ವಯಸ್ಸು, ರಕ್ತದಲ್ಲಿ ಬೀಟಾ ಕೋಶಗಳ ವಿರುದ್ಧದ ಪ್ರತಿಕಾಯಗಳು, ರೋಗ ಪತ್ತೆಯಾದ ಮೇಲೆ ಕನಿಷ್ಠ 6 ತಿಂಗಳು ಇನ್ಸುಲಿನ್ ಬೇಕಾಗದಿರುವುದು, ಈ ಮೂರನ್ನು ಅದರ ಲಕ್ಷಣಗಳೆಂದು ಎಣಿಸುವುದು ವಾಡಿಕೆ. ಮೂರನೆಯದು ರೋಗದ ಗುಣವನ್ನು ಹೇಳುವುದಕ್ಕಿಂತ ವೈದ್ಯರ ನಿರ್ಧಾರವನ್ನೇ ಹೆಚ್ಚು ಹೇಳುವುದರಿಂದ, ಅದನ್ನು ಗಟ್ಟಿ ಗೆರೆಯೆಂದು ಭಾವಿಸಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರ್ಗೀಕರಣವು ಇದನ್ನು ಟೈಪ್ 1 ಮತ್ತು ಟೈಪ್ 2ರ ನಡುವಿನ ಮಿಶ್ರ ರೂಪಗಳ ಸಾಲಿನಲ್ಲಿ ಇರಿಸಿದೆ.

ಬೇಲಿಯೇ ಎದ್ದು ಹೊಲ ಮೇಯುವ ಈ ಸ್ಥಿತಿ ಹೇಗೆ ಹುಟ್ಟುತ್ತದೆ ಎಂಬುದರ ಉತ್ತರ ಬಹುಪಾಲು ವಂಶವಾಹಿಗಳಲ್ಲಿದೆ. ಎಚ್‌ಎಲ್‌ಎ ಎಂಬ ವಂಶವಾಹಿಗಳ ಗುಂಪು ಪ್ರೋಟೀನಿನ ಚೂರುಗಳನ್ನು ರೋಗನಿರೋಧಕ ವ್ಯವಸ್ಥೆಯ ದಾಳಿಕೋರರಾದ ಟಿ ಕೋಶಗಳ ಮುಂದೆ ಹಿಡಿದು ತೋರಿಸುವ ಅಣುಗಳನ್ನು ರೂಪಿಸುತ್ತದೆ. ಅದರ ಡಿಆರ್3 ಮತ್ತು ಡಿಆರ್4 ಎಂಬ ಬಗೆಗಳಿರುವವರಲ್ಲಿ ಬೀಟಾ ಕೋಶದ ಪ್ರೋಟೀನನ್ನೇ ಶತ್ರುವೆಂದು ತಿಳಿಯುವ ಸಾಧ್ಯತೆ ಹೆಚ್ಚು. ಇನ್ಸುಲಿನ್ ವಂಶವಾಹಿಯ ಪಾತ್ರ ಇನ್ನೂ ಕುತೂಹಲಕರವಾದುದು. ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಟಿ ಕೋಶಗಳು ಬೆಳೆಯುವಾಗ, ದೇಹದ ಸ್ವಂತ ಪ್ರೋಟೀನುಗಳ ಮೇಲೆ ಎರಗುವಂಥವನ್ನು ಅಲ್ಲಿಯೇ ಸೋಸಿ ತೆಗೆಯಲಾಗುತ್ತದೆ. ಈ ವಂಶವಾಹಿಯ ಒಂದು ಬಗೆಯಿದ್ದವರ ಥೈಮಸ್‌ನಲ್ಲಿ ಇನ್ಸುಲಿನ್ ಕಡಿಮೆ ತಯಾರಾಗುವುದರಿಂದ, ಇನ್ಸುಲಿನ್ ವಿರುದ್ಧ ಕೆಲಸಮಾಡುವ ಕೋಶಗಳು ಸೋಸುವಿಕೆಯಿಂದ ತಪ್ಪಿಸಿಕೊಂಡು ಹೊರಬರುತ್ತವೆ. ಟಿ ಕೋಶಗಳ ಪ್ರಚೋದನೆಯನ್ನು ಹದದಲ್ಲಿಡುವ ಪಿಟಿಪಿಎನ್22 ಎಂಬ ವಂಶವಾಹಿಯ ವ್ಯತ್ಯಾಸವೂ ಅಪಾಯವನ್ನು ಏರಿಸುತ್ತದೆ.

ಹುಟ್ಟಿನಿಂದಲೇ ಜೊತೆಗಿರುವ ಈ ವಂಶವಾಹಿಗಳು ನಡುವಯಸ್ಸಿನ ತನಕ ಏಕೆ ಸುಮ್ಮನಿದ್ದವು? ಬಾಲ್ಯದಲ್ಲಿಯೇ ಟೈಪ್ 1 ಬಂದವರಿಗೆ ಹೋಲಿಸಿದರೆ, ಲಾಡಾ ಇರುವವರಲ್ಲಿ ಅಪಾಯಕಾರಿ ಎಚ್‌ಎಲ್‌ಎ ಬಗೆಗಳ ಹೊರೆ ಸಾಮಾನ್ಯವಾಗಿ ಕಡಿಮೆ, ಪ್ರತಿಕಾಯಗಳ ಬಗೆಗಳೂ ಕಡಿಮೆ. ಅನೇಕರಲ್ಲಿ ಬೀಟಾ ಕೋಶಗಳಲ್ಲಿರುವ ಗ್ಯಾಡ್ ಎಂಬ ಕಿಣ್ವದ ವಿರುದ್ಧದ ಪ್ರತಿಕಾಯ ಒಂದೇ ಕಾಣುತ್ತದೆ. ದಾಳಿ ಮಂದವಾದಷ್ಟೂ ಬೀಟಾ ಕೋಶಗಳು ಹೆಚ್ಚು ವರ್ಷ ಬಾಳುತ್ತವೆ. ಇದರ ಜೊತೆಗೆ, ಟೈಪ್ 2ಕ್ಕೆ ಸಂಬಂಧಿಸಿದ ಟಿಸಿಎಫ್7ಎಲ್2 ಎಂಬ ವಂಶವಾಹಿಯ ವ್ಯತ್ಯಾಸವೂ ಲಾಡಾ ಇರುವವರಲ್ಲಿ ಕೆಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೆ ಪ್ರತಿಕಾಯದ ಮಟ್ಟ ಅತ್ಯಲ್ಪವಿದ್ದವರಲ್ಲಿ ಕೆಲವರ ಪರೀಕ್ಷಾಫಲಿತಾಂಶ ತಪ್ಪಾಗಿಯೂ ಇರಬಹುದಾದುದರಿಂದ, ಅಂಥ ಗುಂಪುಗಳಲ್ಲಿ ನಿಜವಾದ ಟೈಪ್ 2 ರೋಗಿಗಳೂ ಬೆರೆತಿರುತ್ತಾರೆಂಬುದನ್ನು ಈ ಬಗೆಯ ಅಧ್ಯಯನಗಳನ್ನು ಓದುವಾಗ ನೆನಪಿಡಬೇಕು.

ವಂಶವಾಹಿಗಳು ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಒಂದೇ ವಂಶವಾಹಿಗಳಿರುವ ಅವಳಿಗಳಲ್ಲಿಯೂ ಒಬ್ಬರಿಗೆ ಬಂದ ಆಟೊಇಮ್ಯೂನ್ ಮಧುಮೇಹ ಇನ್ನೊಬ್ಬರಿಗೆ ಬಾರದೇ ಇರುವುದುಂಟು. ಹೊರಗಿನ ಪ್ರಚೋದಕಗಳಲ್ಲಿ ವೈರಾಣುಗಳ ಮೇಲೆ, ಅದರಲ್ಲಿಯೂ ಕಾಕ್ಸಾಕಿ ಬಿ ಗುಂಪಿನ ಎಂಟರೊವೈರಸ್‌ಗಳ ಮೇಲೆ, ಬಹುಕಾಲದಿಂದ ಸಂಶಯವಿದೆ. ಆದರೆ ಇದರ ಪುರಾವೆ ಹೆಚ್ಚಾಗಿ ಮಕ್ಕಳ ಟೈಪ್ 1ರಿಂದ ಬಂದಿದೆ. ಅದನ್ನು ನಡುವಯಸ್ಸಿನ ರೋಗಕ್ಕೆ ನೇರವಾಗಿ ಅನ್ವಯಿಸುವುದು ಆತುರವಾದೀತು.

ತೂಕದ ವಿಚಾರ ಇದಕ್ಕಿಂತ ಗಟ್ಟಿಯಾದುದು. ಸ್ವೀಡನ್ ಮತ್ತು ನಾರ್ವೆಯ ಜನಸಮುದಾಯಗಳ ಅಧ್ಯಯನಗಳು ಅಧಿಕ ತೂಕ ಮತ್ತು ಕುಟುಂಬದಲ್ಲಿನ ಮಧುಮೇಹದ ಇತಿಹಾಸವು ಲಾಡಾದ ಅಪಾಯವನ್ನು ಹೆಚ್ಚಿಸುತ್ತವೆಂದು ತೋರಿಸಿವೆ. ಬೊಜ್ಜಿನಿಂದ ಜೀವಕೋಶಗಳು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಾದಾಗ, ಅದೇ ಕೆಲಸಕ್ಕೆ ಹೆಚ್ಚು ಇನ್ಸುಲಿನ್ ಬೇಕಾಗುತ್ತದೆ. ಪ್ರತಿರಕ್ಷಣೆಯ ದಾಳಿಯಿಂದ ಅದಾಗಲೇ ಅರೆಬರೆಯಾಗಿರುವ ಬೀಟಾ ಕೋಶಗಳು ಆ ಬೇಡಿಕೆಯನ್ನು ಪೂರೈಸಲಾಗದೆ, ಇನ್ನೂ ಹಲವು ವರ್ಷ ಮರೆಯಲ್ಲಿರಬಹುದಾಗಿದ್ದ ಕೊರತೆ ಬೇಗನೆ ಬಯಲಾಗುತ್ತದೆ. ಹೀಗೆ ನೋಡಿದರೆ ತೂಕವು ದಾಳಿಯನ್ನು ಆರಂಭಿಸಿತೆನ್ನುವುದಕ್ಕಿಂತ, ರೋಗ ಬೇಗನೆ ಹೊರಬರುವಂತೆ ಮಾಡಿತೆನ್ನುವುದೇ ಹೆಚ್ಚು ಸರಿಯೆನಿಸುತ್ತದೆ. ತೆಳ್ಳಗಿರುವವರಿಗೂ ಲಾಡಾ ಬರುತ್ತದೆ ಎಂಬುದು ಈ ಮಾತಿಗೆ ಪೂರಕವಾಗಿದೆ. ಸಕ್ಕರೆ ಬೆರೆಸಿದ ಪಾನೀಯಗಳ ಅತಿಸೇವನೆಗೂ ಇಂಥ ಸಂಬಂಧ ವರದಿಯಾಗಿದೆ. ಧೂಮಪಾನದ ಬಗ್ಗೆ ಮಾತ್ರ ಅಧ್ಯಯನಗಳು ಒಂದಕ್ಕೊಂದು ವಿರುದ್ಧವಾಗಿವೆ.

ಕ್ಯಾನ್ಸರ್ ಚಿಕಿತ್ಸೆಯ ಪಿಡಿ-1 (ಟಿ ಕೋಶಗಳನ್ನು ಹತೋಟಿಯಲ್ಲಿಡುವ ಒಂದು ಅಣು) ತಡೆಯುವ ಔಷಧಗಳಿಂದ ಬರುವ ಮಧುಮೇಹವನ್ನು ಇದರಿಂದ ಬೇರೆಯಾಗಿಯೇ ಕಾಣಬೇಕು. ಟಿ ಕೋಶಗಳ ಮೇಲಿನ ಕಡಿವಾಣ ಸಡಿಲವಾಗುವುದರಿಂದ ಕೆಲವೇ ರೋಗಿಗಳಲ್ಲಿ ಉಂಟಾಗುವ ಅದು, ನಿಧಾನವಾಗಿ ಬೆಳೆಯದೆ ಬಹಳ ವೇಗವಾಗಿ ತೀವ್ರವಾಗುತ್ತದೆ.

ಥೈರಾಯ್ಡ್‌ನ ಆಟೊಇಮ್ಯೂನ್ ರೋಗ, ಸಿಲಿಯಾಕ್ ರೋಗ (ಗೋಧಿಯಲ್ಲಿನ ಗ್ಲೂಟೆನ್‌ನಿಂದ ಕರುಳಿಗೆ ಹಾನಿಯಾಗುವ ಕಾಯಿಲೆ) ಅಥವಾ ಆಡಿಸನ್ ರೋಗ (ಅಡ್ರಿನಲ್ ಗ್ರಂಥಿ ಸೊರಗುವ ಕಾಯಿಲೆ) ತಮಗೋ ತಮ್ಮ ರಕ್ತಸಂಬಂಧಿಗಳಿಗೋ ಇದ್ದು, ಮಾತ್ರೆಗಳಿಂದ ಸಕ್ಕರೆ ಹತೋಟಿಗೆ ಬಾರದ ವಯಸ್ಕರಲ್ಲಿ ಗ್ಯಾಡ್ ಪ್ರತಿಕಾಯದ ಪರೀಕ್ಷೆ ಮಾಡಿಸುವುದಕ್ಕೆ ಇದೇ ಕಾರಣ: ಈ ಕಾಯಿಲೆಗಳ ಹಿಂದೆಯೂ ಎಚ್‌ಎಲ್‌ಎಯ ಅದೇ ಬಗೆಗಳು ಮತ್ತೆ ಮತ್ತೆ ಕಾಣಸಿಗುತ್ತವೆ. ಪ್ರತಿಕಾಯ ಪತ್ತೆಯಾದರೆ, ದೇಹ ಇನ್ನೂ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಎಂಬುದನ್ನು ಸಿ-ಪೆಪ್ಟೈಡ್ ಪರೀಕ್ಷೆಯಿಂದ ಕಾಲಕಾಲಕ್ಕೆ ಅಳೆದು, ಇನ್ಸುಲಿನ್ ಆರಂಭಿಸುವ ಸಮಯವನ್ನು ನಿರ್ಧರಿಸಲಾಗುತ್ತದೆ.