ಏನೂ ಗೊತ್ತಿಲ್ಲದವರಿಗೊಂದು ಪುಸ್ತಕ

1980ರ ದಶಕದಲ್ಲಿ ಅಮೆರಿಕದ ಆಫೀಸುಗಳಿಗೆ ಒಂದೊಂದಾಗಿ ಕಂಪ್ಯೂಟರ್ ಬಂದು ಕೂತಿತು. ಅದರ ಮುಂದೆ ಕೂತವರಿಗೆ ಕಾಣುತ್ತಿದ್ದದ್ದು ಇಷ್ಟೇ: ಕಪ್ಪು ಪರದೆ, ಎಡಗಡೆ 'ಸಿ' ಅಕ್ಷರ, ಪಕ್ಕದಲ್ಲಿ ಕೋಲನ್, ಒಂದು ಓರೆಗೆರೆ, ಬಾಣದ ತುದಿಯಂಥ ಗುರುತು, ಮಿಣಮಿಣ ಅನ್ನುವ ಕರ್ಸರ್. ಮುಂದೇನು ಮಾಡಬೇಕು ಅಂತ ಅದು ಹೇಳುವುದಿಲ್ಲ. ನಾವೇ ಟೈಪ್ ಮಾಡಿ ಹೇಳಬೇಕು. ಒಂದಕ್ಷರ ತಪ್ಪಿದರೆ 'ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್'. ಫೈಲುಗಳನ್ನಿಡುವ ಫ್ಲಾಪಿ ಡಿಸ್ಕನ್ನು ಕಂಪ್ಯೂಟರಿಗೆ ಹಾಕುವುದು ಮರೆತರೆ 'ಅಬಾರ್ಟ್, ರಿಟ್ರೈ, ಫೇಲ್?' ಅನ್ನುವ ಪ್ರಶ್ನೆ. ಮೂರರಲ್ಲಿ ಯಾವುದನ್ನು ಒತ್ತಿದರೆ ಕೆಲಸ ಉಳಿಯುತ್ತದೆ, ಯಾವುದನ್ನು ಒತ್ತಿದರೆ ಕೆಡುತ್ತದೆ ಅಂತ ಹೊಸಬರಿಗೆ ಹೇಗೆ ಗೊತ್ತಾಗಬೇಕು? ಫ್ಲಾಪಿಯನ್ನು ಸರಿಯಾಗಿ ತೂರಿಸಿ 'ಆರ್' ಒತ್ತಿದರೆ ಸಾಕಿತ್ತು. ಆ ಒಂದು ಮಾತು ಪರದೆಯ ಮೇಲೆ ಇರಲೇ ಇಲ್ಲ.

ಕಂಪ್ಯೂಟರನ್ನು ನಡೆಸುವ ಈ ವ್ಯವಸ್ಥೆಯ ಹೆಸರು ಡಾಸ್. 1991ರ ನವೆಂಬರಿನಲ್ಲಿ ಐಡಿಜಿ ಬುಕ್ಸ್ ಎಂಬ ಪ್ರಕಾಶನ ಸಂಸ್ಥೆ ಇದರ ಬಗ್ಗೆ ಹಳದಿ ಕಪ್ಪು ರಕ್ಷಾಪುಟದ ಒಂದು ಪುಸ್ತಕ ತಂದಿತು. ಹೆಸರು 'ಡಾಸ್ ಫಾರ್ ಡಮ್ಮೀಸ್', ಬರೆದವರು ಡ್ಯಾನ್ ಗೂಕಿನ್. ಮೊದಲ ಮುದ್ರಣ ಬರೀ 7,500 ಪ್ರತಿ. ಓದುಗರನ್ನೇ ದಡ್ಡರು ಅಂದ ಹಾಗಾಗುತ್ತದೆ ಅಂತ ಕೆಲವು ಅಂಗಡಿಯವರು ಮಾರಲು ಹಿಂದೆಮುಂದೆ ನೋಡಿದರು. ಓದುಗರು ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. ಮರುವರ್ಷ ವಿಂಡೋಸ್ ಬಗ್ಗೆ ಇನ್ನೊಂದು ಬಂತು. 1993ರಲ್ಲಿ ಬೇರೆ ಪ್ರಕಾಶಕರು 'ಕಂಪ್ಲೀಟ್ ಈಡಿಯಟ್ಸ್ ಗೈಡ್' ಎಂಬ ಪೈಪೋಟಿಯ ಮಾಲೆ ಶುರು ಮಾಡಿದರು. ಅಲ್ಲಿಂದ ಮುಂದೆ ತೋಟಗಾರಿಕೆ, ತೆರಿಗೆ, ಚೆಸ್, ಸಕ್ಕರೆ ಕಾಯಿಲೆ ಎಲ್ಲದಕ್ಕೂ ಇಂಥ ಪುಸ್ತಕ ಬಂತು.

ಭಾಷೆ ಸರಳ ಮಾಡಿದ್ದರಿಂದ ಇವು ಗೆದ್ದವು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಅದು ಅರ್ಧ ಮಾತು ಅನ್ನಿಸುತ್ತದೆ. ಹೊಸದಾಗಿ ಕಲಿಯುವವರ ತಲೆಯೊಳಗೆ ಏನು ನಡೆಯುತ್ತದೆ ಅನ್ನುವುದನ್ನು ಈ ಪುಸ್ತಕಗಳು ಗಮನಕ್ಕೆ ತೆಗೆದುಕೊಂಡವು. ಮನೋವಿಜ್ಞಾನಿಗಳು ಅದೇ ಕಾಲದಲ್ಲಿ ಪ್ರಯೋಗ ಮಾಡಿ ಕಂಡುಕೊಳ್ಳುತ್ತಿದ್ದದ್ದೂ ಅದನ್ನೇ.

ಫ್ಲಾಪಿಯಲ್ಲಿರುವ ಒಂದು ಪತ್ರವನ್ನು ಕಂಪ್ಯೂಟರಿಗೆ ಹಾಕಿಕೊಳ್ಳಬೇಕು ಅಂದುಕೊಳ್ಳಿ. 'ಕಾಪಿ' ಅಂತ ಟೈಪ್ ಮಾಡಬೇಕು. ಒಂದು ಜಾಗ ಬಿಡಬೇಕು. ಫ್ಲಾಪಿಗೆ 'ಎ' ಅಂತ ಹೆಸರು, ಅದಕ್ಕೊಂದು ಕೋಲನ್. ಆಮೇಲೆ ಜಾಗ ಬಿಡದೆ ಫೈಲಿನ ಹೆಸರು, ಚುಕ್ಕಿ, ಮೂರಕ್ಷರದ ಬಾಲ. ಮತ್ತೆ ಒಂದು ಜಾಗ. 'ಸಿ', ಕೋಲನ್, ಎಂಟರ್. ಪಳಗಿದವರಿಗೆ ಇದೆಲ್ಲ ಸೇರಿ ಒಂದೇ ಕೆಲಸ. ಹೊಸಬರಿಗೆ ಹತ್ತು ಬೇರೆ ಬೇರೆ ವಿಷಯ, ಎಲ್ಲವನ್ನೂ ಒಟ್ಟಿಗೆ ಹಿಡಿದುಕೊಳ್ಳಬೇಕು. ನಾವು ಒಂದು ಹೊತ್ತಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬಲ್ಲದ್ದು ತುಂಬ ಕಮ್ಮಿ. 1956ರಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಅದನ್ನು ಏಳರ ಆಸುಪಾಸು ಅಂದರು. 2001ರಲ್ಲಿ ನೆಲ್ಸನ್ ಕೋವನ್ ಇನ್ನೂ ಇಳಿಸಿ, ನಾಲ್ಕರ ಹತ್ತಿರ ಅಂದರು. ಹೊಸ ವಿಷಯ ನಾಲ್ಕು ದಾಟಿತೋ, ಮೊದಲು ಓದಿದ್ದು ಜಾರಿಹೋಗುತ್ತದೆ.

ಹಾಗಾದರೆ ಪಳಗಿದವರ ನೆನಪಿನ ಜಾಗ ದೊಡ್ಡದಾ? ಅಲ್ಲ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಚೆಸ್ ಆಡುವವರಿಗೆ ನಿಜವಾದ ಆಟದ ನಡುವಿನ ಮಣೆಯನ್ನು ಐದು ಸೆಕೆಂಡ್ ಮಾತ್ರ ತೋರಿಸಿದರು. ಕಾಯಿಗಳು ಎಲ್ಲೆಲ್ಲಿದ್ದವು ಅಂತ ಮತ್ತೆ ಇಟ್ಟು ತೋರಿಸುವುದರಲ್ಲಿ ನಿಪುಣರು ಹೊಸಬರಿಗಿಂತ ಎಷ್ಟೋ ಮುಂದಿದ್ದರು. ಅದೇ ಕಾಯಿಗಳನ್ನು ಹೇಗೆ ಬೇಕೋ ಹಾಗೆ ಚೆಲ್ಲಾಪಿಲ್ಲಿ ಇಟ್ಟಾಗ ಆ ಅಂತರ ಹೆಚ್ಚುಕಡಿಮೆ ಮಾಯವಾಯಿತು. ನಿಪುಣರು ನೋಡುತ್ತಿದ್ದದ್ದು ಬಿಡಿ ಕಾಯಿಗಳನ್ನಲ್ಲ, ಕಾಯಿಗಳ ಗುಂಪುಗಳನ್ನು. ವರ್ಷಗಟ್ಟಲೆ ಆಡಿ ಆಡಿ ಆ ಗುಂಪುಗಳು ಕಣ್ಣಿಗೆ ಒಂದೊಂದೇ ವಸ್ತುವಾಗಿ ಕಾಣತೊಡಗಿರುತ್ತವೆ.

ತೊಂದರೆ ಶುರುವಾಗುವುದು ಇಲ್ಲೇ. ಹಾಗೆ ಗುಂಪು ಕಟ್ಟಿಕೊಂಡವರಿಗೆ, ಗುಂಪಿಲ್ಲದ ಮನಸ್ಸು ಹೇಗಿರುತ್ತದೆ ಅನ್ನುವುದೇ ಮರೆತುಹೋಗುತ್ತದೆ. ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ 1990ರಲ್ಲಿ ಇದನ್ನು ಚೆಂದವಾಗಿ ತೋರಿಸಿದರು. ಕೆಲವರು ಎಲ್ಲರಿಗೂ ಗೊತ್ತಿರುವ ಹಾಡುಗಳ ತಾಳವನ್ನು ಬೆರಳಿನಲ್ಲಿ ಮೇಜಿನ ಮೇಲೆ ತಟ್ಟಬೇಕು, ಕೇಳುವವರು ಯಾವ ಹಾಡು ಅಂತ ಹೇಳಬೇಕು. ಕೇಳುವವರು ಅರ್ಧದಷ್ಟಾದರೂ ಗುರುತಿಸುತ್ತಾರೆ ಅಂತ ತಟ್ಟಿದವರು ಅಂದುಕೊಂಡಿದ್ದರು. 120 ಹಾಡುಗಳಲ್ಲಿ ಗುರುತು ಸಿಕ್ಕಿದ್ದು 3. ತಟ್ಟುವವರ ತಲೆಯಲ್ಲಿ ಇಡೀ ಹಾಡು ಕೇಳಿಸುತ್ತಿರುತ್ತದೆ, ಕೇಳುವವರಿಗೆ ಸಿಗುವುದು ಬರೀ ಟಕ್ ಟಕ್. ನೀವೇ ಮನೆಯಲ್ಲಿ ಮಾಡಿ ನೋಡಬಹುದು. ಎದುರಿಗೆ ಕೂತವರಿಗೆ ಯಾಕೆ ತಿಳಿಯುತ್ತಿಲ್ಲ ಅಂತ ನಿಮಗೆ ಸಿಟ್ಟೇ ಬರುತ್ತದೆ.

ಗಣಕ ತಯಾರಿಸಿದವರು ಬರೆದ ಕೈಪಿಡಿ ಹೀಗೆಯೇ ಇರುತ್ತಿತ್ತು. ಡಾಸ್ ಕೈಪಿಡಿಯಲ್ಲಿ ಕಮಾಂಡುಗಳನ್ನು ಅಕ್ಷರಗಳ ಕ್ರಮದಲ್ಲಿ ಜೋಡಿಸಿದ್ದರು. ಬೇಡದ ಡೈರೆಕ್ಟರಿ (ಈಗಿನ ಫೋಲ್ಡರ್) ಅಳಿಸುವ ಕಮಾಂಡಿನ ಹೆಸರು 'ಆರ್‌ಡಿ' ಅಂತ ಗೊತ್ತಿದ್ದವರಿಗೆ ಮಾತ್ರ ಅದು ಅಲ್ಲಿ ಸಿಗುತ್ತದೆ. ಗೊತ್ತಿದ್ದವರು ಕೈಪಿಡಿ ತೆರೆಯುವುದೇ ಅಪರೂಪ, ಅಲ್ವಾ?

ಇದರ ಬಗ್ಗೆ ಎಲ್ಲರಿಗಿಂತ ತಾಳ್ಮೆಯಿಂದ ಕೆಲಸ ಮಾಡಿದವರು ಜಾನ್ ಕ್ಯಾರಲ್. ನ್ಯೂಯಾರ್ಕ್ ರಾಜ್ಯದ ಐಬಿಎಂ ವಾಟ್ಸನ್ ಸಂಶೋಧನಾ ಕೇಂದ್ರದಲ್ಲಿ, 1980ರ ದಶಕದ ಶುರುವಿನಲ್ಲಿ, ಅವರು ಮತ್ತು ಜೊತೆಯವರು ಆಫೀಸ್ ಕೆಲಸದಲ್ಲಿ ಪಳಗಿದವರನ್ನು ಪತ್ರ ಟೈಪ್ ಮಾಡುವ ವರ್ಡ್ ಪ್ರೊಸೆಸರ್ ಮುಂದೆ ಕೂರಿಸಿದರು. ಕೈಪಿಡಿ ಕೊಟ್ಟು, ಮನಸ್ಸಿಗೆ ಬಂದದ್ದನ್ನೆಲ್ಲ ಜೋರಾಗಿ ಹೇಳುತ್ತಾ ಕಲಿಯಿರಿ ಅಂದರು. ಕಂಡದ್ದೇನು? ಯಾರೂ ಕೈಪಿಡಿಯನ್ನು ಬರೆದವರು ಅಂದುಕೊಂಡ ಹಾಗೆ ಓದಲಿಲ್ಲ. ಪೀಠಿಕೆ ಹಾರಿಸಿದರು. ನಡುವಿನಿಂದ ಶುರು ಮಾಡಿದರು. ಕೈಪಿಡಿ ಹೇಳದ ಗುಂಡಿ ಒತ್ತಿ ಎಲ್ಲೋ ಸಿಕ್ಕಿಹಾಕಿಕೊಂಡರು. ಅಲ್ಲಿಂದ ಹೊರಗೆ ಬರುವ ದಾರಿ ಪುಸ್ತಕದಲ್ಲಿ ಇರಲಿಲ್ಲ, ಯಾಕೆಂದರೆ ಅಲ್ಲಿಗೆ ಯಾರಾದರೂ ಹೋದಾರು ಅಂತ ಬರೆದವರಿಗೆ ಹೊಳೆದೇ ಇರಲಿಲ್ಲ.

ಇವರು ಸೋಮಾರಿಗಳಾಗಿರಲಿಲ್ಲ. ಅವರಿಗೆ ಒಂದು ಪತ್ರ ಟೈಪ್ ಮಾಡಬೇಕಿತ್ತು. ಅಷ್ಟೇ. ಕ್ಯಾರಲ್ ಇದನ್ನು ತಪ್ಪು ಅಂತ ನೋಡದೆ, ಮನುಷ್ಯರು ಕಲಿಯುವ ರೀತಿ ಅಂತ ಒಪ್ಪಿಕೊಂಡರು. ಹೊಸದೊಂದು ಕೈಪಿಡಿ ಬರೆದರು. ಪೀಠಿಕೆ ಕಿತ್ತು ಹಾಕಿದರು. ಅಧ್ಯಾಯ ಚಿಕ್ಕದು ಮಾಡಿ, ಮೊದಲ ಪುಟದಿಂದಲೇ ನಿಜವಾದ ಕೆಲಸ ಕೊಟ್ಟರು. ಜನ ಎಲ್ಲೆಲ್ಲಿ ಎಡವುತ್ತಾರೋ ಅಲ್ಲಲ್ಲೇ 'ಹೀಗಾಯಿತಾ? ಹೀಗೆ ಮಾಡಿ' ಅಂತ ಬರೆದರು. ಹಳೇ ಕೈಪಿಡಿಗೆ ಹೋಲಿಸಿದರೆ ಜನ ಸುಮಾರು ಶೇಕಡಾ 40ರಷ್ಟು ಕಡಿಮೆ ಸಮಯದಲ್ಲಿ ಕಲಿತರು. ಬರೆಯುವುದು ಅಂದರೆ ತುಂಬುವುದು ಅಂದುಕೊಂಡವರೆಲ್ಲ ಈ ಅಂಕಿಯನ್ನು ಒಮ್ಮೆ ನಿಂತು ನೋಡಬೇಕು. ಕಲಿಕೆ ಬೇಗ ಆದದ್ದು ಪುಟಗಳು ಕಡಿಮೆಯಾದ ಮೇಲೆ.

ಗೂಕಿನ್ ಪುಸ್ತಕ ತೆರೆದರೆ ಇದೇ ಗುಣಗಳು ಕಾಣುತ್ತವೆ. ಯಾವ ಅಧ್ಯಾಯದಿಂದ ಬೇಕಾದರೂ ಶುರು ಮಾಡಬಹುದು. ಎಚ್ಚರಿಕೆಯ ಮಾತಿಗೊಂದು ಪುಟ್ಟ ಚಿತ್ರ, ನೆನಪಿಡಬೇಕಾದ್ದಕ್ಕೆ ಇನ್ನೊಂದು. ತಾಂತ್ರಿಕ ವಿವರದ ಪಕ್ಕದ ಚಿತ್ರದ ಅರ್ಥ, ಇದನ್ನು ಬಿಟ್ಟು ಓದಿದರೂ ನಷ್ಟವಿಲ್ಲ ಅಂತ. ನನ್ನ ಲೆಕ್ಕದಲ್ಲಿ ಇಡೀ ಮಾಲೆಯಲ್ಲಿ ದೊಡ್ಡ ಉಪಕಾರ ಈ ಕೊನೆಯದು. ಯಾವುದು ಮುಖ್ಯ, ಯಾವುದು ಅಲ್ಲ ಅಂತ ಆರಿಸುವುದೇ ಹೊಸಬರ ಕೈಲಾಗದ ಕೆಲಸ. ಅದನ್ನು ಪುಸ್ತಕವೇ ಮಾಡಿಕೊಟ್ಟಿತು.

ಹೊಸಬರ ಪರ ನಿಲ್ಲುವ ಬರವಣಿಗೆ ಕಂಪ್ಯೂಟರಿಗಿಂತ ಹಳೆಯದು. 1910ರಲ್ಲಿ ಲಂಡನ್ನಿನ ಭೌತವಿಜ್ಞಾನಿ ಸಿಲ್ವೇನಸ್ ಥಾಂಪ್ಸನ್ 'ಕ್ಯಾಲ್ಕುಲಸ್ ಮೇಡ್ ಈಸಿ' ಎಂಬ ಗಣಿತದ ಪುಸ್ತಕವನ್ನು ತಮ್ಮ ಹೆಸರು ಹಾಕದೆ ಹೊರತಂದರು. ಕ್ಯಾಲ್ಕುಲಸ್‌ನ ಗುರುತುಗಳು ನೋಡಲು ಹೆದರಿಸುತ್ತವೆ, ಆ ಹೆದರಿಕೆಯನ್ನು ಮೊದಲು ಕಳೆಯೋಣ ಅಂತಲೇ ಅದರ ಮೊದಲ ಅಧ್ಯಾಯ. 1969ರಲ್ಲಿ ಅಮೆರಿಕದ ಜಾನ್ ಮ್ಯೂರ್ ಫೋಕ್ಸ್‌ವ್ಯಾಗನ್ ಕಾರು ರಿಪೇರಿಯ ಬಗ್ಗೆ, ಸ್ಪ್ಯಾನರ್ ಹಿಡಿದೇ ಗೊತ್ತಿಲ್ಲದವರೂ ಮಾಡುವಂತೆ, ಕೈಯಲ್ಲಿ ಬಿಡಿಸಿದ ಚಿತ್ರಗಳ ಜೊತೆ ಪುಸ್ತಕ ತಂದರು. ನಮ್ಮ ಬಸ್ ಸ್ಟ್ಯಾಂಡುಗಳಲ್ಲಿ ಮಾರುವ '30 ದಿನಗಳಲ್ಲಿ ಹಿಂದಿ', '30 ದಿನಗಳಲ್ಲಿ ಇಂಗ್ಲಿಷ್' ಪುಸ್ತಕಗಳೂ ಇದೇ ಜಾತಿಯವು. ವ್ಯಾಕರಣ ಆಮೇಲೆ, ಮೊದಲು ಅಂಗಡಿಯಲ್ಲಿ ಆಡುವ ಮಾತು.

ಹಾಗಂತ ಈ ಅಚ್ಚು ಎಲ್ಲಾ ವಿಷಯಕ್ಕೂ ಹೊಂದುವುದಿಲ್ಲ. ಪ್ರಿಂಟರ್ ಜೋಡಿಸುವುದನ್ನು ಫೈಲ್ ಅಳಿಸುವುದು ಗೊತ್ತಿಲ್ಲದೆಯೂ ಕಲಿಯಬಹುದು. ಬೀಜಗಣಿತ ಹಾಗಲ್ಲ, ಅಲ್ಲಿ ಒಂದು ವಿಷಯದ ಮೇಲೆ ಇನ್ನೊಂದು ನಿಂತಿರುತ್ತದೆ. ಎಲ್ಲಿಂದ ಬೇಕಾದರೂ ಓದಿ ಅಂದರೆ ಓದುಗರು ನಡುನೀರಿನಲ್ಲಿ. ಅಲ್ಲಿ ಬೇಕಾದದ್ದು ಬೇರೆ ಉಪಾಯ. ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ, ಸುಮ್ನೆ ಲೆಕ್ಕಗಳನ್ನು ಕೊಟ್ಟು ಬಿಡಿಸಿ ಅನ್ನುವ ಬದಲು, ಹಂತ ಹಂತವಾಗಿ ಬಿಡಿಸಿದ ಲೆಕ್ಕಗಳನ್ನು ನಡುನಡುವೆ ಓದಿಸಿದರು. ಹಾಗೆ ಓದಿದ ಮಕ್ಕಳು ಅಂಥದ್ದೇ ಲೆಕ್ಕಗಳನ್ನು ಬೇಗ ಮಾಡಿದರು, ತಪ್ಪೂ ಕಡಿಮೆ.

ಇನ್ನೊಂದು ಮಾತಿದೆ. ಹೊಸಬರಿಗೆ ಆಸರೆಯಾದ ವಿವರಣೆಯೇ ಪಳಗಿದ ಮೇಲೆ ಅಡ್ಡ ಬರುತ್ತದೆ. ಸ್ಲಾವಾ ಕಲ್ಯುಗಾ ಮತ್ತು ಜೊತೆಯವರು 2003ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ಇದನ್ನು ತೋರಿಸಿದರು. ಗೊತ್ತಿರುವುದನ್ನೇ ಮತ್ತೆ ಓದಿ, ತಲೆಯಲ್ಲಿರುವುದರ ಜೊತೆ ತಾಳೆ ಹಾಕುವ ಕೆಲಸ ಸುಮ್ಮನೆ ಜಾಸ್ತಿಯಾಗುತ್ತದೆ. ಆರು ತಿಂಗಳಾದ ಮೇಲೆ ಇಂಥ ಪುಸ್ತಕ ಬೋರು ಹೊಡೆಸಿದರೆ ಅದು ಕೆಟ್ಟ ಪುಸ್ತಕ ಅಂತಲ್ಲ, ಅದರ ಕೆಲಸ ಮುಗಿದಿದೆ.

ಕನ್ನಡದಲ್ಲಿ ಇಂಥ ಪುಸ್ತಕ ಬೇಕಾದ ಜಾಗ ಎಷ್ಟೊಂದಿದೆ! ಮೊಬೈಲಿನಲ್ಲಿ ದುಡ್ಡು ಕಳಿಸಲು ಹೆದರುವ ಹಿರಿಯರಿದ್ದಾರೆ. ಆನ್‌ಲೈನಿನಲ್ಲಿ ಪಹಣಿ ತೆಗೆಯಲು ಪ್ರತಿಸಲ ಯಾರಿಗೋ ದುಡ್ಡು ಕೊಡುವ ರೈತರಿದ್ದಾರೆ. ಬರೆಯಲು ಹೊರಟವರು ಅಚ್ಚಿಗೆ ಕೊಡುವ ಮೊದಲು ಕ್ಯಾರಲ್ ಮಾಡಿದ ಕೆಲಸವನ್ನೇ ಮಾಡಬಹುದು. ಕರಡನ್ನು ಏನೂ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು, ಬಾಯಿ ತೆರೆಯದೆ ನೋಡುವುದು. ಅವರು ಎಲ್ಲಿ ನಿಂತರು, ಯಾವ ಸಾಲನ್ನು ಮತ್ತೆ ಓದಿದರು, ಎಲ್ಲಿ ಬೆರಳು ಹಿಂದೆ ಸರಿಯಿತು ಅಂತ ಗುರುತು ಹಾಕಿಕೊಳ್ಳುವುದು. ಇದಕ್ಕೆ ನೂರಾರು ಜನ ಬೇಕಿಲ್ಲ. ತಂತ್ರಾಂಶಗಳನ್ನು ಹೀಗೆ ಪರೀಕ್ಷಿಸುವ ಯಾಕೋಬ್ ನೀಲ್ಸನ್ ಅವರ ಅಂದಾಜಿನಂತೆ, ಬಳಸುವವರಿಗೆ ಬರುವ ತೊಡಕುಗಳಲ್ಲಿ ಶೇಕಡಾ 85ರಷ್ಟು ಬರೀ ಐದು ಜನರನ್ನು ನೋಡುವಷ್ಟರಲ್ಲಿ ಗೊತ್ತಾಗಿಬಿಡುತ್ತವೆ.